ಗಾಡಿ ತಿರುಗುವ ಜಾಗ

ಕಲ್ಲೋಳಿಯ ಮಾಳಪ್ಪನಿಗೆ ಈಗ ಐವತ್ತೆಂಟು. ಇಪ್ಪತ್ತಾರು ವರ್ಷ ಅವನು ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ, ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು. ಐದು ವರ್ಷದಿಂದ ಒಂದು ಸೇವಾ ಸಂಸ್ಥೆಯ ವ್ಯಾನಿಗೆ ಡ್ರೈವರ್. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ, ಮೂತ್ರದ ನಳಿಗೆ ಬದಲಿಸುವ, ನೋವಿನ ಮಾತ್ರೆ ಕೊಟ್ಟು ಬರುವ ವ್ಯಾನು ಅದು. ನರ್ಸ್ ವಿಜಯಶ್ರೀ ಗೋಕಾಕದವಳು, ಮೂವತ್ತರ ಒಳಗಿನವಳು, ಮಾಳಪ್ಪನಿಗೆ ಕಾಕಾ ಅನ್ನುತ್ತಾಳೆ. ಮಾಳಪ್ಪ ಅವಳಿಗೆ ತಂಗಿ ಅನ್ನುತ್ತಾನೆ. ಸಂಬಂಧದ ಲೆಕ್ಕ ಕೂಡಿಬರುವುದಿಲ್ಲ, ಆದರೆ ಕೆಲಸ ಕೂಡಿಬರುತ್ತದೆ.

ಮಾಳಪ್ಪನಿಗೆ ಒಂದು ದೊಡ್ಡ ಕೆಟ್ಟ ಚಾಳಿ. ದಾರಿ ಗೊತ್ತಿಲ್ಲ ಎಂದು ಒಪ್ಪುವುದಿಲ್ಲ. ಯಾರನ್ನೂ ಕೇಳುವುದಿಲ್ಲ. "ಟ್ರ್ಯಾಕ್ಟರ್ ಹೊಡದಾಂವ ದಾರಿ ಕೇಳಿದ್ರ ಟ್ರ್ಯಾಕ್ಟರ್ ನಗತೈತಿ" ಎಂದು ಅವನ ವಾದ.

ಆದರೆ ನಮ್ಮ ಗೋಕಾಕ, ಮೂಡಲಗಿ ಸೀಮೆಯಲ್ಲಿ ಈ ಹಟ ನಡೆಯುವುದಿಲ್ಲ. ಇಲ್ಲಿ ಅರ್ಧ ಜನ ಊರೊಳಗೆ ಇಲ್ಲ, ತೋಟದಲ್ಲಿದ್ದಾರೆ. ತೋಟ ಎಂದರೆ ನೀರಾವರಿ ಹೊಲದ ನಡುವೆ ಕಟ್ಟಿಕೊಂಡ ಮನೆ, ಎರಡು ಎಮ್ಮೆ, ಒಂದು ಬಣವೆ. ಅಣ್ಣತಮ್ಮಂದಿರು ಬೇರೆಯಾದರೆ ಒಂದು ತೋಟ ಮೂರಾಗುತ್ತದೆ, ಹೆಸರು ಮಾತ್ರ ಒಂದೇ ಉಳಿಯುತ್ತದೆ. ಮೂಡಲಗಿ ಸುತ್ತ ಪಾಟೀಲರ ತೋಟ ಎಂದರೆ ಒಂದಲ್ಲ, ಹನ್ನೊಂದು. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಕಬ್ಬು ಎರಡಾಳು ಎತ್ತರ ಬೆಳೆದು ನಿಂತಿರುತ್ತದೆ. ಆಗ ಮನೆಗಳು ಮುಳುಗಿಬಿಡುತ್ತವೆ. ಹೊಗೆ ಕಾಣುತ್ತದೆ, ಮನೆ ಕಾಣುವುದಿಲ್ಲ. ನಾಯಿ ಬೊಗಳುವುದು ಕೇಳುತ್ತದೆ, ಯಾವ ಕಡೆಯಿಂದ ಎಂದು ತಿಳಿಯುವುದಿಲ್ಲ. ಕೇಳಿದರೆ ನಮ್ಮ ಜನ ಹೇಳುವ ಉತ್ತರ ಒಂದೇ: "ಇಲ್ಲೇ ಐತ್ರಿ, ಹಿಂಗ ಹೋಗ್ರಿ." ಆ 'ಇಲ್ಲೇ' ಎಂಬುದು ಅರ್ಧ ಫರ್ಲಾಂಗೂ ಆಗಬಹುದು, ಮೂರು ಮೈಲಿಯೂ ಆಗಬಹುದು.

ವ್ಯಾನು ದಿನಕ್ಕೆ ಎಂಟು ಮನೆ ಮುಟ್ಟಬೇಕು ಎಂದು ಸಂಸ್ಥೆಯ ನಿಯಮ. ಆಗುತ್ತಿದ್ದದ್ದು ಐದು. ಉಳಿದ ಹೊತ್ತೆಲ್ಲ ಕಬ್ಬಿನೊಳಗೆ ಹುಡುಕಾಟ. ಆಗಸ್ಟಿನ ಒಂದು ಸೋಮವಾರ ಬೆಳಗಾವಿಯಿಂದ ಸಂಸ್ಥೆಯ ಅಧಿಕಾರಿ ಸೋಮಶೇಖರ ಗೋಕಾಕದ ಕಚೇರಿಗೆ ಬಂದರು, ಕೈಯಲ್ಲಿ ಹೊಸ ಫಾರಂ ಹಿಡಿದು.

ಆ ಫಾರಂ ಬರೆದವರು ಯಾರೋ, ಅವರಿಗೆ ದೂರದಿಂದಲೇ ನಮಸ್ಕಾರ. ಮನೆ ನಂಬರು, ರಸ್ತೆ, ಅಡ್ಡರಸ್ತೆ, ಬಡಾವಣೆ, ಪಿನ್‌ಕೋಡ್. ಐದೂ ತುಂಬದಿದ್ದರೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಗುವುದಿಲ್ಲ. ರೋಗ ಏನೆಂದು ಬರೆಯಲು ಒಂದೇ ಸಾಲು. ಮನುಷ್ಯನ ಬೆನ್ನುಮೂಳೆ ಮುರಿದಿದ್ದರೂ ನಡೆಯುತ್ತದೆ, ಅವನಿಗೊಂದು ಅಡ್ಡರಸ್ತೆ ಮಾತ್ರ ಇರಲೇಬೇಕು. ವ್ಯಾನಿನ ಪಟ್ಟಿಯಲ್ಲಿದ್ದ ತೋಟದ ಇಪ್ಪತ್ತಮೂರು ರೋಗಿಗಳಲ್ಲಿ ಒಬ್ಬರಿಗೂ ಅಡ್ಡರಸ್ತೆ ಇರಲಿಲ್ಲ.

"ವಿಳಾಸ ಇಲ್ಲದವ್ರನ್ನ ಕೈ ಬಿಡಬೇಕಾಗತೈತಿ ಮಾಳಪ್ಪ" ಎಂದರು ಸೋಮಶೇಖರ. "ಪೇಟಿಯೊಳಗಿನವ್ರನ್ನ ತಗೊಂಡ್ರ ದಿನಾ ಎಂಟೇನು, ಹತ್ತ ಆಗತಾವ."

"ಸಾಹೇಬ್ರ, ತೋಟದಾವ್ರ ಎಲ್ಲಿ ಹೋಗಬೇಕ್ರಿ?"

"ಗೋಕಾಕದ ದವಾಖಾನಿಗಿ ಬರ್ಲಿ."

"ಎದ್ದ ಕುಂದ್ರಾಕ ಬಂದಿದ್ರ ಬರತಿದ್ರರಿ."

ಸೋಮಶೇಖರ ಕೆಟ್ಟ ಮನುಷ್ಯ ಅಲ್ಲ. ಅವರ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು, ಎಲ್ಲರ ಮೇಲೆ ಒಂದು ವರದಿ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಬೀರಸಿದ್ದಪ್ಪನ ಮನಿ ನನಗ ಗೊತ್ತೈತ್ರಿ. ಕಣ್ಣ ಮುಚ್ಚಿ ಹೋಗ್ತೇನಿ" ಎಂದ ಮಾಳಪ್ಪ.

"ನಿಮಗ ಗೊತ್ತೈತಿ. ನೀವು ರಜಾ ಹಾಕಿದ ದಿನಾ ಯಾರಿಗಿ ಗೊತ್ತೈತಿ?"

ಸಿಟ್ಟು ಬರುವ ಮಾತು, ಆದರೆ ಖರೆ ಮಾತು. ವಿಜಯಶ್ರೀ ಮಾತ್ರ ಬಿಡಲಿಲ್ಲ. ಒಂದು ತಿಂಗಳು ವಾಯಿದೆ ಕೇಳಿದಳು. ಸೋಮಶೇಖರ ಕ್ಯಾಲೆಂಡರ್ ತಿರುವಿ ಸೆಪ್ಟೆಂಬರಿನ ಒಂದು ದಿನ ಗುರುತು ಮಾಡಿದರು. ಅವತ್ತು ಅವರೇ ವ್ಯಾನಿನಲ್ಲಿ ಕೂರುತ್ತಾರೆ. ಸಂಜೆ ಐದರೊಳಗೆ ಎಂಟು ಮನೆ ಮುಟ್ಟಿದರೆ ತೋಟದವರು ಪಟ್ಟಿಯಲ್ಲಿ ಉಳಿಯುತ್ತಾರೆ, ಇಲ್ಲವಾದರೆ ಇಪ್ಪತ್ತಮೂರು ಹೆಸರಿಗೂ ಗೀಟು. ಆ ದಿನ ಅಮಾವಾಸ್ಯೆ ಎಂಬುದನ್ನು ಅವರು ನೋಡಲಿಲ್ಲ. ಮಾಳಪ್ಪನ ಹೆಂಡತಿ ಅಲ್ಲವ್ವ ಆಮೇಲೆ ನೋಡಿದಳು.

ಬೀರಸಿದ್ದಪ್ಪ ಯಾರು ಎಂದು ಹೇಳಬೇಕು. ಅವನು ಮಾಳಪ್ಪನ ಜೋಡಿ ಕಬ್ಬು ಹೇರುತ್ತಿದ್ದವನು. ಒಂಬತ್ತು ವರ್ಷದ ಹಿಂದೆ, ಹೇರಿದ ಕಬ್ಬಿನ ಮೇಲೆ ನಿಂತು ಹಗ್ಗ ಬಿಗಿಯುವಾಗ ಹಗ್ಗ ಹರಿದು ಕೆಳಗೆ ಬಿದ್ದ. ಟ್ರೇಲರ್ ಮಾಳಪ್ಪನದೇ. ಅಂದಿನಿಂದ ಸೊಂಟದ ಕೆಳಗೆ ಜೀವವಿಲ್ಲ. ಕಬ್ಬು ಯಾರ ಕಾರ್ಖಾನೆಗೆ ಹೊರಟಿತ್ತೋ ಅವರು ಒಮ್ಮೆ ಸೇಬು ತಂದುಕೊಟ್ಟು ಫೋಟೋ ತೆಗೆಸಿಕೊಂಡು ಹೋದರು. ಸೇಬು ಎರಡು ದಿನಕ್ಕೆ ಮುಗಿದವು. ಬೀರಸಿದ್ದಪ್ಪ ಇನ್ನೂ ಮಲಗಿದ್ದಾನೆ, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಇಟ್ಟುಕೊಂಡು. ವಾರಕ್ಕೆರಡು ಸಲ ತೊಳೆದು ಕಟ್ಟದಿದ್ದರೆ ಅದು ಒಳಗೊಳಗೆ ಮೂಳೆಯವರೆಗೆ ಹೋಗುತ್ತದೆ. ಹಾಗೆ ಹೋದವರು ಹೆಚ್ಚು ದಿನ ಉಳಿಯುವುದಿಲ್ಲ. ಇದು ಮಾಳಪ್ಪನಿಗೂ ಗೊತ್ತು, ಬೀರಸಿದ್ದಪ್ಪನ ಹೆಂಡತಿ ಲಕ್ಷ್ಮೀಗೂ ಗೊತ್ತು.

ಸುದ್ದಿ ಹೇಳಿದಾಗ ಬೀರಸಿದ್ದಪ್ಪ ಮಕಾಡೆ ಮಲಗಿದ್ದ. ವಿಜಯಶ್ರೀ ಹುಣ್ಣು ತೊಳೆಯುತ್ತಿದ್ದಳು.

"ನನ್ನ ಮನಿ ನಿನಗ ಗೊತ್ತು. ನಿಮ್ಮ ಫಾರಮ್ಮಿಗಿ ಗೊತ್ತಿಲ್ಲ. ಹೌದಿಲ್ಲ?" ಎಂದ ದಿಂಬಿನೊಳಗಿಂದ. "ಅದನ್ನ ಒಂದಿನಾ ಕರ್ಕೊಂಡ ಬಾರಪಾ. ಲಕ್ಷ್ಮೀ ಚಾ ಮಾಡತಾಳ. ಕುಡದ ಹೋದ್ರ ನೆನಪ ಇಟ್ಕೋತೈತಿ."

"ನಗಬ್ಯಾಡ ಲೇ."

"ಅಳಾಕ ಹಂಗೇ ಮಕಾಡಿ ಮಲಗಸೀರಿ. ನಗೂದರ ನನ್ನ ಖುಷಿಗಿ ಬಿಡ್ರಿ."

ಮೊದಲು ವಿಜಯಶ್ರೀಯ ಫೋನಿನ ನಕ್ಷೆ ನೋಡಿದರು. ಅದು ಕಾಲುವೆಯ ದಂಡೆಯವರೆಗೆ ಚೆನ್ನಾಗಿ ಕರೆದುಕೊಂಡು ಹೋಗಿ, ಅಲ್ಲಿ ನಿಂತು, 'ನೀವು ತಲುಪಿದ್ದೀರಿ' ಎಂದಿತು. ತಲುಪಿದ್ದು ನೀರಿಗೆ. ಮೇಲಾಗಿ ಫೋನು ಸುಮ್ಮನಿರುವ ವಸ್ತು ಅಲ್ಲ. ಎರಡು ನಿಮಿಷಕ್ಕೊಮ್ಮೆ ಯಾರಾದರೂ ರೋಗಿಯ ಮನೆಯವರ ಕರೆ, ಕರೆ ಬಂದ ಕೂಡಲೇ ನಕ್ಷೆ ಮಾಯ. ಕಬ್ಬಿನ ತಗ್ಗಿನಲ್ಲಿ ನೆಟ್‌ವರ್ಕ್ ಇಲ್ಲ. ಗಾಜಿನ ಮುಂದೆ ಸಿಕ್ಕಿಸಿಟ್ಟರೆ ಬಿಸಿಲಿಗೆ ಕಾದು ತಾನೇ ಬಂದ್ ಆಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಅಂಗೈಯಗಲದ ಪರದೆಯ ಮೇಲಿನ ಅಕ್ಷರ ಮಾಳಪ್ಪನ ಕಣ್ಣಿಗೆ ಇರುವೆ ಸಾಲು. ಓಡಿಸುವವನಿಗೆ ಕಾಣದ ನಕ್ಷೆ ಯಾರಿಗೆ ಬೇಕು?

ವ್ಯಾನಿನಲ್ಲಿ ಸಂಸ್ಥೆಯ ಲ್ಯಾಪ್‌ಟಾಪ್ ಒಂದಿತ್ತು, ರೋಗಿಗಳ ದಾಖಲೆಗೆಂದು ಕೊಟ್ಟದ್ದು. ಪರದೆ ಹಿಟ್ಟು ನಾದುವ ಪರಾತದಷ್ಟು ದೊಡ್ಡದು. ಇದರಲ್ಲಿ ನಕ್ಷೆ ಹಾಕಬಾರದೇಕೆ ಎಂದು ಕೇಳಿದವನು ಏಳನೆಯ ಇಯತ್ತೆವರೆಗೆ ಓದಿದ ಮಾಳಪ್ಪ. ಕಚೇರಿಯಲ್ಲಿ ಡಿಗ್ರಿ ಮೇಲೆ ಡಿಗ್ರಿ ಪೇರಿಸಿದವರು ನಾಲ್ಕು ಜನ ಇದ್ದರು, ಅವರಿಗೆ ಹೊಳೆದಿರಲಿಲ್ಲ. ಅವರು ವಾತಾನುಕೂಲ ಸಭಾಂಗಣದಲ್ಲಿ 'ಕೊನೆಯ ಮನೆಯನ್ನು ಮುಟ್ಟುವುದು ಹೇಗೆ' ಎಂಬ ವಿಷಯದ ಮೇಲೆ ಎರಡು ದಿನದ ಶಿಬಿರ ಮಾಡುತ್ತಿದ್ದರು.

ಗೋಕಾಕ ಬಸ್‌ಸ್ಟ್ಯಾಂಡಿನ ಬಾಜೂ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು ಕಾಜಲ್. ಎರಡು ಮಕ್ಕಳ ತಾಯಿ. ಮಾತು ಕಡಿಮೆ, ಸ್ಕ್ರೂ ಡ್ರೈವರ್ ಯಾವಾಗಲೂ ಕಿವಿಯ ಮೇಲೆ.

"ಕಾಕಾ, ಫೋನಿನಾಗ ಇದ್ದಂಗ ಲ್ಯಾಪ್‌ಟಾಪಿನಾಗ ಜಿಪಿಎಸ್ ಇರೂದಿಲ್ಲ. ಹೊರಗಿಂದ ಒಂದು ಚುಚ್ಚಬೇಕ್ರಿ" ಎಂದು ಮೂರು ಸಾಮಾನು ಮುಂದಿಟ್ಟಳು.

ಒಂದು ಪೆನ್‌ಡ್ರೈವಿನ ಹಾಗೆ ನೇರ ಚುಚ್ಚುವ ಕಡ್ಡಿ. ಇನ್ನೊಂದು ವೈರ್ ಇಲ್ಲದ್ದು, ಬ್ಲೂಟೂತ್ ಮೇಲೆ ನಡೆಯುವುದು, ನುಣ್ಣಗೆ ಸಾಬೂನಿನ ಹಾಗಿತ್ತು. ಮೂರನೆಯದು ದುಂಡಗೆ, ಕಪ್ಪಗೆ, ಬೆನ್ನು ಉಬ್ಬಿ, ಬಾಲದ ಹಾಗೆ ಎರಡು ಮೀಟರ್ ವೈರ್. ಹೊಟ್ಟೆಯೊಳಗೆ ಮ್ಯಾಗ್ನೆಟ್.

"ಇದರಾಗ ಸಿಮ್ ಎಲ್ಲಿ ಹಾಕೂದ?"

"ಸಿಮ್ ಬೇಕಾಗಿಲ್ಲ. ಉಪಗ್ರಹದಿಂದ ಮ್ಯಾಲಿಂದ ಮ್ಯಾಲೇ ಬರತೈತಿ."

"ತಿಂಗಳಾ ತಿಂಗಳಾ ಯಾರಿಗಿ ರೊಕ್ಕಾ ಕಟ್ಟಬೇಕು?"

"ಯಾರಿಗೂ ಇಲ್ರಿ."

ಮಾಳಪ್ಪ ಸಾಮಾನನ್ನು ಕೆಳಗಿಟ್ಟ. "ಹಂಗಂದ್ರ ನಂಬಾಕ ಆಗೂದಿಲ್ಲ ಬಿಡವಾ."

ಕಾಜಲ್ ನಕ್ಕಳು. ವಾದ ಮಾಡದೆ ಮೂರನ್ನೂ ಒಂದು ಚೀಲಕ್ಕೆ ಹಾಕಿ, "ಒಯ್ದ ನೋಡ್ರಿ. ಯಾವುದು ಹಿಡಸ್ತದ ಅದನ್ನ ಇಟಗೊಂಡು ಉಳದದ್ದು ತಂದ ಕೊಡ್ರಿ" ಎಂದಳು. ದೊಡ್ಡ ಊರಿನ ಯಾವ ಅಂಗಡಿ ಇದನ್ನು ಮಾಡುತ್ತದೆ ಹೇಳಿ. ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ಒಂದು ಪುಕ್ಕಟೆ ನಕ್ಷೆಯನ್ನೂ ಅವಳೇ ತುಂಬಿಕೊಟ್ಟಳು.

ಮಾಳಪ್ಪ ಎತ್ತು ಕೊಳ್ಳುವವನ ಹಾಗೆ ಪರೀಕ್ಷೆಗೆ ನಿಂತ. ಮೊದಲ ಎರಡು ದಿನ ಕಡ್ಡಿ. ಅದು ಲ್ಯಾಪ್‌ಟಾಪಿಗೆ ಅಂಟಿಕೊಂಡೇ ಇರಬೇಕು, ಲ್ಯಾಪ್‌ಟಾಪ್ ವ್ಯಾನಿನೊಳಗೇ ಇರಬೇಕು, ತಲೆಯ ಮೇಲೆ ತಗಡಿನ ಛಾವಣಿ. ಹೊರಗಿನ ಆಕಾಶ ಅದಕ್ಕೆ ಕಿಟಕಿಯಿಂದ ಇಣುಕಿದಷ್ಟೇ. ವ್ಯಾನು ರಸ್ತೆಯ ಮೇಲಿದ್ದರೆ ಪರದೆಯ ಚುಕ್ಕಿ ಹೊಲದಲ್ಲಿ, ವ್ಯಾನು ನಿಂತರೆ ಚುಕ್ಕಿ ಕುಡಿದವನ ಹಾಗೆ ಸುತ್ತಮುತ್ತ ತಿರುಗಾಡುವುದು. ಮೇಲಾಗಿ ಪ್ರತಿ ತಗ್ಗಿಗೂ ವಿಜಯಶ್ರೀಯ ಮೊಣಕೈ ತಾಗಿ ಕಡ್ಡಿ ಬಾಗುತ್ತಿತ್ತು. ಎರಡನೆಯದು, ವೈರ್ ಇಲ್ಲದ್ದು, ಮುಂದಿನ ಗಾಜಿನ ಹತ್ತಿರ ಇಟ್ಟರೆ ಸರಿಯಾಗಿ ತೋರಿಸಿತು. ಆದರೆ ಅದನ್ನು ದಿನಾ ಚಾರ್ಜ್ ಮಾಡಬೇಕು. ಮರೆತರೆ ಮಧ್ಯಾಹ್ನ ಎರಡಕ್ಕೆ ನಿದ್ದೆ.

"ಊಟಾದ ಮ್ಯಾಲ ಮಲಗೂ ಸಾಮಾನು ನಮ್ಮ ಕಚೇರಿಯೊಳಗ ಸಾಕಷ್ಟ ಅದಾವ" ಎಂದ ಮಾಳಪ್ಪ. "ಇದು ಬ್ಯಾಡ."

ಮೂರನೆಯದನ್ನು ಛಾವಣಿಯ ಮೇಲೆ ಇಟ್ಟ. ಟಕ್ ಎಂದು ಕಚ್ಚಿಕೊಂಡಿತು. ವೈರನ್ನು ಬಾಗಿಲ ಸಂದಿಯಿಂದ ಒಳಗೆ ತಂದು ಲ್ಯಾಪ್‌ಟಾಪಿಗೆ ಚುಚ್ಚಿದ. ಮೊದಲ ಸಲ ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಚುಕ್ಕಿ ಬಂದು ರಸ್ತೆಯ ನಡುಮಧ್ಯೆ ಕೂತಿತು. ವ್ಯಾನು ಹೊರಟರೆ ಹೊರಟಿತು, ನಿಂತರೆ ನಿಂತಿತು, ಎರಡೂ ಕಡೆ ಕಬ್ಬು ಮುಗಿಲು ಮುಚ್ಚಿದ ದಾರಿಯಲ್ಲೂ ಬೆನ್ನು ಬಿಡಲಿಲ್ಲ. ಮಾಳಪ್ಪ ಅದಕ್ಕೆ ಆಮಿ ಎಂದು ಹೆಸರಿಟ್ಟ, ಆಮೆಯ ಹಾಗಿದ್ದುದರಿಂದ. ಒಂದೇ ತಕರಾರು. ಲ್ಯಾಪ್‌ಟಾಪಿನ ಮೂರು ತೂತಿನಲ್ಲಿ ಒಂದೊಂದು ದಿನ ಒಂದೊಂದಕ್ಕೆ ಚುಚ್ಚಿದರೆ ನಕ್ಷೆಗೆ ಆಮಿ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಅಲ್ಲವ್ವ ಸರಿಯಾದ ತೂತಿನ ಪಕ್ಕಕ್ಕೆ ಒಂದು ಕುಂಕುಮದ ಬೊಟ್ಟಿಟ್ಟಳು. ತಕರಾರು ಮುಗಿಯಿತು.

ಉಳಿದೆರಡನ್ನು ಕಾಜಲ್‌ಗೆ ಮರಳಿಸಿ ಆಮಿಯನ್ನು ಮಾಳಪ್ಪ ತನ್ನ ಕೈಯಿಂದಲೇ ದುಡ್ಡು ಹಾಕಿ ಕೊಂಡ. ಸಂಸ್ಥೆಯ ಖರ್ಚಿನ ಪಟ್ಟಿಯಲ್ಲಿ ಅಂಥ ಸಾಮಾನಿಗೆ ಕಾಲಮ್ಮು ಇರಲಿಲ್ಲವಂತೆ. ಶಿಬಿರದ ಹೂಗುಚ್ಛಕ್ಕೆ ಇತ್ತು.

ಇನ್ನು ಗುರುತು ಹಾಕುವ ಕೆಲಸ. ಪುಕ್ಕಟೆ ನಕ್ಷೆಯಲ್ಲಿ ಘಟಪ್ರಭೆ ಇತ್ತು, ಕಾಲುವೆ ಇತ್ತು, ಡಾಂಬರು ರಸ್ತೆ ಇತ್ತು. ತೋಟಗಳಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಬರೀ ಹಸಿರು. ಸಾವಿರಾರು ಜನ ಉಂಡು, ಹಡೆದು, ಹಾಸಿಗೆ ಹಿಡಿದು ಬದುಕುವ ನೆಲ ಲೋಕದ ಕಣ್ಣಿಗೆ ಖಾಲಿ. ಮೂರು ವಾರ ಮಾಳಪ್ಪ, ವಿಜಯಶ್ರೀ ಹೋದಲ್ಲೆಲ್ಲ ಒಂದೊಂದು ಚುಕ್ಕಿ ಹಾಕಿ ಆ ಹಸಿರಿನಲ್ಲಿ ಮನೆ ಎಬ್ಬಿಸಿದರು. ಪ್ರತಿ ಮನೆಯಲ್ಲೂ ಚಹಾ. ದಾರಿ ತಪ್ಪಿ ಹೊಕ್ಕ ಮನೆಯಲ್ಲೂ ಚಹಾ, ಯಾಕೆಂದರೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮಾಳಪ್ಪ ಗಾಡಿ ನಿಲ್ಲಿಸಿ "ಹೂಂ ತಂಗಿ, ಒತ್ತು" ಎನ್ನುವುದು, ವಿಜಯಶ್ರೀ ಒತ್ತಿ ರೋಗಿಯ ಹೆಸರು ಬರೆಯುವುದು. ಅವನು ಎಲ್ಲಿ ನಿಲ್ಲಿಸಿ 'ಒತ್ತು' ಅನ್ನುತ್ತಾನೆ ಎಂದು ಅವಳು ವಿಚಾರ ಮಾಡಲಿಲ್ಲ.

ಗೊತ್ತಾದ ದಿನ ಬಂತು. ಬೆಳಗ್ಗೆ ಎಂಟೂವರೆಗೆ ಸೋಮಶೇಖರ ಕಲ್ಲೋಳಿಯಲ್ಲಿ ವ್ಯಾನು ಹತ್ತಿದರು. ಅಮಾವಾಸ್ಯೆಗೆ ನಮ್ಮ ಕಡೆ ಪೂಜೆ ಆಗದೆ ಗಾಲಿ ಉರುಳುವುದಿಲ್ಲ. ಮಾಳಪ್ಪ ಜಳಕಕ್ಕೆ ಹೋದಾಗ ಅಲ್ಲವ್ವ ವ್ಯಾನು ತೊಳೆದು, ವಿಭೂತಿ ಬಳಿದು, ಮುಂದೆ ಲಿಂಬೆ-ಮೆಣಸಿನಕಾಯಿ ಕಟ್ಟಿ, ಸ್ಟೂಲು ಹತ್ತಿ ಛಾವಣಿಯ ಮೇಲೂ ಚೆಂಡುಹೂವಿನ ಮಾಲೆ ಸುತ್ತಿದ್ದಳು. ಹೂವಿನ ರಾಶಿ ನೋಡಿ ಮಾಳಪ್ಪನಿಗೆ ಖುಷಿಯೇ ಆಯಿತು.

ಏಳು ಮನೆ ತೋಟದವು, ಕಲ್ಲೋಳಿ-ಮೂಡಲಗಿ ಸುತ್ತ. ಎಂಟನೆಯದು ಹುಕ್ಕೇರಿ ಪೇಟೆಯೊಳಗಿನ ಹೊಸ ರೋಗಿ. ಅದನ್ನು ಸೋಮಶೇಖರ ತಾವೇ ಆರಿಸಿ ಸೇರಿಸಿದ್ದರು. "ಪೂರಾ ವಿಳಾಸ ಐತಿ. ವಿಳಾಸ ಇದ್ರ ಕೆಲಸಾ ಹ್ಯಾಂಗ ಹಗರ ಆಗತೈತಿ, ನೀವೇ ನೋಡ್ರಿ" ಎಂದರು.

ಮೊದಲು ಬೀರಸಿದ್ದಪ್ಪನ ಮನೆ. ಅದಕ್ಕೆ ಮಾಳಪ್ಪನಿಗೆ ನಕ್ಷೆ ಬೇಕಿರಲಿಲ್ಲ. ಹೊರಬಂದು ಲ್ಯಾಪ್‌ಟಾಪ್ ನೋಡಿದರೆ ಚುಕ್ಕಿ ಇನ್ನೂ ಮಾಳಪ್ಪನ ಅಂಗಳದಲ್ಲೇ ಇದೆ, ನಿನ್ನೆ ಸಂಜೆ ಬಿಟ್ಟಲ್ಲೇ.

"ಎಚ್ಚರಾಗಾಕ ಹೊತ್ತ ಬೇಕಾಗತೈತ್ರಿ" ಎಂದ ಮಾಳಪ್ಪ, ಸೋಮಶೇಖರರಿಗೆ.

ಹತ್ತು ನಿಮಿಷ ಆಯಿತು. ವೈರ್ ಕಿತ್ತು ಕುಂಕುಮದ ತೂತಿಗೇ ಮತ್ತೆ ಚುಚ್ಚಿದರು. ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದರು. ಚುಕ್ಕಿ ಅಂಗಳ ಬಿಟ್ಟು ಅಲ್ಲಾಡಲಿಲ್ಲ. ಎರಡನೆಯ ಮನೆಗೆ ನೆನಪಿನ ಮೇಲೆ ಹೊರಟರು. ಕಬ್ಬಿನೊಳಗೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಒಂದು ಪಂಪ್‌ಸೆಟ್ ಮನೆಯನ್ನು ಮೂರು ಸಲ ನೋಡಿದರು. ಮೂರನೆಯ ಸಲಕ್ಕೆ ಅಲ್ಲಿದ್ದ ನಾಯಿ ಬೊಗಳುವುದನ್ನೂ ಬಿಟ್ಟಿತು, ಪರಿಚಯದವರು ಎಂದು.

"ಯಾರನ್ನರ ಕೇಳೂಣೇನ್ರಿ ಕಾಕಾ?" ಎಂದಳು ವಿಜಯಶ್ರೀ.

"ತಡಿ."

"ಕಾಕಾ, ಹತ್ತೂಕಾಲ ಆತು."

"ತಡಿಯವಾ ಅಂದ್ನೆಲ್ಲ."

ಹಿಂದೆ ಕುಳಿತ ಸೋಮಶೇಖರ ಕೈಗಡಿಯಾರ ನೋಡಿಕೊಂಡರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಇಪ್ಪತ್ತಮೂರು ಮನೆಯ ಹಾಸಿಗೆಗಳು ಅವನ ಸ್ಟೇರಿಂಗಿಗೆ ಜೋತುಬಿದ್ದಿದ್ದವು. ಕೊನೆಗೆ ಕಾಲುವೆಯ ದಂಡೆಯ ಕೆಳಗೆ ಗಾಡಿ ನಿಲ್ಲಿಸಿದ. ಮೇಲೆ ದಂಡೆಯ ಮೇಲೆ ಒಬ್ಬ ಹೆಂಗಸು ತಲೆಯ ಮೇಲೆ ಮೇವಿನ ಹೊರೆ ಹೊತ್ತು ಹೊರಟಿದ್ದಳು. ಮಾಳಪ್ಪ ಜೀವಮಾನದಲ್ಲಿ ಮೊದಲ ಸಲ ದಾರಿ ಕೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಅವಳೇ ಕೇಳಿದಳು.

"ಯಣ್ಣಾ, ಗಾಡಿ ತಲಿಮ್ಯಾಗ ಸ್ಟೀಲಿನ ವಾಟಗಾ ಯಾಕ ಡಬ್ಬ ಹಾಕೀರಿ? ಯಾರಿಗರ ಪಾಯಸಾ ಕೊಡಾಕ ಹೊಂಟೀರೇನು?"

ಮಾಳಪ್ಪ ಇಳಿದು, ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಹೂವು ಸರಿಸಿ ನೋಡಿದ. ಆಮಿಯ ಮೇಲೆ ಸ್ಟೀಲಿನ ಬಟ್ಟಲು ಬೋರಲಾಗಿ ಕೂತಿತ್ತು, ಅಲುಗಾಡದಂತೆ ದಾರದಿಂದ ಬಿಗಿದು, ಮೇಲೆ ಕುಂಕುಮ ಹಚ್ಚಿ. ಆಕಾಶ ನೋಡಿ ಬದುಕುವ ಜೀವಕ್ಕೆ ಆಕಾಶವನ್ನೇ ಮುಚ್ಚಿದ್ದರು. ಅವನು ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದ.

"ಆಮಿಗಿ ವಾಟಗಾ ಯಾಕ ಮುಚ್ಚೀಬೇ?"

"ಬಿಸಲಿಗಿ ಕಾಯ್ತೈತಂತ ಮುಚ್ಚೇನ್ರಿ. ಕೈಲೆ ರೊಕ್ಕಾ ಹಾಕಿ ತಂದೀರಿ, ಧೂಳ ಬೀಳಬಾರದಲ್ಲ."

"ಅದಕ್ಕ ಮುಗಲ ಕಾಣಬೇಕಬೇ."

"ಮೊದಲ ಹೇಳಬೇಕಿಲ್ಲರಿ? ಗಾಜಿನ ವಾಟಗಾ ಮುಚ್ಚತಿದ್ದೆ."

ಸೋಮಶೇಖರ ನಕ್ಕರು. ಆ ದಿನ ಮೊದಲ ಸಲ. ಬಟ್ಟಲು ತೆಗೆದ ಒಂದೆರಡು ನಿಮಿಷಕ್ಕೆ ಚುಕ್ಕಿ ಕಲ್ಲೋಳಿಯ ಅಂಗಳದಿಂದ ಕಾಲುವೆಯ ದಂಡೆಗೆ ಒಂದೇ ಜಿಗಿತಕ್ಕೆ ಬಂತು. ಎರಡನೆಯ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಒಂದು ತಾಸು ಹತ್ತು ನಿಮಿಷ ಹೋಗಿತ್ತು, ಅಷ್ಟೇ.

ಮೂರನೆಯ ಮನೆಯ ಚುಕ್ಕಿಗೆ ಬಂದು ಗಾಡಿ ನಿಂತಾಗ ಸೋಮಶೇಖರ ಹೊರಗೆ ನೋಡಿದರು. ಅಲ್ಲಿದ್ದದ್ದು ಬಣವೆ. ಮನೆ ನೂರೈವತ್ತು ಹೆಜ್ಜೆ ಆಚೆ.

"ಇದೇನಿದು? ಚುಕ್ಕಿ ತಪ್ಪಾಗೈತಿ."

"ತಪ್ಪಿಲ್ರಿ. ಗಾಡಿ ತಿರಗೂದ ಇಲ್ಲೇ."

ಆಗ ವಿಜಯಶ್ರೀಗೂ ಹೊಳೆಯಿತು. ಮಾಳಪ್ಪ ಇಪ್ಪತ್ತಮೂರು ಮನೆಗೂ ಇದನ್ನೇ ಮಾಡಿದ್ದ. ಯಾವ ಮನೆಯ ಬಾಗಿಲಿಗೂ ಚುಕ್ಕಿ ಹಾಕಿರಲಿಲ್ಲ. ಎಲ್ಲ ಚುಕ್ಕಿಯೂ ಬಣವೆ, ಬಾವಿಕಟ್ಟೆ, ಬೇವಿನಮರದ ಬುಡ. ಎರಡು ಟ್ರೇಲರ್ ಎಳೆದವನ ತಲೆಯಲ್ಲಿ ಮನೆ ಎಂದರೆ ಬಾಗಿಲಲ್ಲ, ಗಾಡಿ ತಿರುಗುವ ಜಾಗ.

"ನಕ್ಷಿ ಅಂದ್ರ ಬಾಗಲಾ ತೋರಸ್ಬೇಕಪಾ" ಎಂದು ಸೋಮಶೇಖರ ರೇಗಿದರು. "ಗಾಡಿ ಮನಿಮಟಾ ಹೊಡಿ."

"ಹೊಡೀತೇನ್ರಿ. ಹೊರಗ ತರಾಕ ಎತ್ತ ತರಸ್ಬೇಕಾಗತೈತಿ. ನಿನ್ನೆ ನೀರ ಹಾಯ್ಸ್ಯಾರ."

ಸೋಮಶೇಖರ ನಂಬಲಿಲ್ಲ. ಇಳಿದು ತಾವೇ ನಡೆದರು. ಹತ್ತು ಹೆಜ್ಜೆಗೆ ಬಲಗಾಲಿನ ಬೂಟು ಕರಿಮಣ್ಣಿನಲ್ಲಿ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಮನೆಯವರು ಓಡಿಬಂದು ಬೂಟು ಕಿತ್ತು, ತೊಳೆದು, ಬಿಸಿಲಿಗಿಟ್ಟು, ಸಾಹೇಬರಿಗೆ ಚಹಾ ಕೊಟ್ಟರು. ಚುಕ್ಕಿಯ ಮಾತು ಮತ್ತೆ ಬರಲಿಲ್ಲ.

ಅಲ್ಲಿಂದ ಮುಂದೆ ಗಾಡಿ ಗಾಳಿಯಾಯಿತು. ನಾಲ್ಕು, ಐದು, ಆರು. ಹಿಂದೆ ತಾಸುಗಟ್ಟಲೆ ಹುಡುಕಾಡಿಸಿದ ಮನೆಗಳಿಗೂ ಎಲ್ಲೂ ಕೇಳದೆ, ಎಲ್ಲೂ ನಿಲ್ಲದೆ. ಮೂರಕ್ಕೆ ಐದು ನಿಮಿಷ ಇರುವಾಗ ಏಳನೆಯ ಮನೆಯೂ ಮುಗಿಯಿತು. ಗೋಕಾಕ ದಾಟಿ ಹುಕ್ಕೇರಿಗೆ ಬಂದಾಗ ನಾಲ್ಕೂ ಹತ್ತು. ಐವತ್ತು ನಿಮಿಷ ಕೈಯಲ್ಲಿದೆ, ಒಂದೇ ಮನೆ, ಪೂರಾ ವಿಳಾಸ. ಮಾಳಪ್ಪ ಹಾಡು ಗುನುಗತೊಡಗಿದ.

ರೋಗಿಯ ಹೆಸರು ಗುಡ್ಡಪ್ಪ. ಮನೆ ನಂಬರು 1147/3ಬ, ಎರಡನೆಯ ಅಡ್ಡರಸ್ತೆ. ಸೋಮಶೇಖರ ಕಾಗದ ಹಿಡಿದು ಮುಂದಿನ ಸೀಟಿಗೆ ಬಂದರು. 1146 ಸಿಕ್ಕಿತು. ಅದರ ಪಕ್ಕ 1152. ಅದರ ಪಕ್ಕ ಹಿಟ್ಟಿನ ಗಿರಣಿ, ನಂಬರೇ ಇಲ್ಲ. ಎದುರಿಗೆ ಮತ್ತೊಂದು 1146, ನೀಲಿ ಬಣ್ಣದಲ್ಲಿ. ಎರಡನೆಯ ಅಡ್ಡರಸ್ತೆ ಎಂಬ ಫಲಕ ಎರಡು ಕಡೆ ಇತ್ತು. ಕಾಗದದ ಮೇಲಿದ್ದ ಫೋನ್ ನಂಬರಿಗೆ ಹಚ್ಚಿದರೆ ಸ್ವಿಚ್ ಆಫ್. ನಾಲ್ಕೂವರೆ. ನಾಲ್ಕೂ ಮುಕ್ಕಾಲು. ವ್ಯಾನು ಗಿರಣಿಯ ಮುಂದೆ ನಾಲ್ಕು ಸಲ ತಿರುಗಿತು. ಐದು ಹೊಡೆಯಿತು.

ಮಾಳಪ್ಪ ಇಂಜಿನ್ ಬಂದ್ ಮಾಡಿದ. ಗುನುಗು ಯಾವಾಗಲೋ ನಿಂತಿತ್ತು. "ಏಳ ಆದೂವ್ರಿ" ಎಂದ, ಸ್ಟೇರಿಂಗ್ ನೋಡುತ್ತ.

ಸೋಮಶೇಖರ ಇಳಿದು ನಲ್ಲಿಯ ಹತ್ತಿರ ಹೋದರು. ಅಲ್ಲೊಬ್ಬ ಮುದುಕಿ ಕೊಡ ತುಂಬುತ್ತಿದ್ದಳು.

"ಅಜ್ಜೀ, ಹನ್ನೊಂದ ನೂರಾ ನಲವತ್ತೇಳು ಬಾರ್ ಮೂರ ಬ ಎಲ್ಲಿ ಬರತೈತಿ?"

"ನಂಬರ ಯಾರಿಗಿ ಗೊತ್ತೋ ಯಪ್ಪಾ. ಹೆಸರ ಹೇಳ."

"ಗುಡ್ಡಪ್ಪ."

"ಯಾವ ಗುಡ್ಡಪ್ಪ? ಬ್ಯಾಂಡ ಊದಾಂವನೋ, ಚಕ್ಕಲಿ ಮಾರಾಂವನೋ?"

ಸೋಮಶೇಖರ ಕಾಗದ ನೋಡಿದರು. ಆ ಕಾಲಮ್ಮು ಅದರಲ್ಲಿ ಇರಲಿಲ್ಲ. "ಲಕ್ವಾ ಹೊಡದ ಮಲಗ್ಯಾರಲ್ಲ, ಅವ್ರು."

"ಹಂಗ ಹೇಳ ಮತ್ತ. ಬ್ಯಾಂಡ ಊದಾಂವ. ಅಕಾ, ಗಿರಣಿ ಹಿಂದಿನ ಬಾಗಲಾ. ಅದರ ಮುಂದ ನಾಕ ಸಲಾ ಗಾಡಿ ತಿರಗಿಸೀರಲ್ಲ, ಊರ ತುಂಬ ಹೊಗಿ ಎಬ್ಬಿಸಿ."

ಗುಡ್ಡಪ್ಪನ ಮನೆ ಸಿಕ್ಕಾಗ ಐದೂ ಕಾಲು. ವಾಯಿದೆ ಮುಗಿದಿತ್ತು, ಆದರೂ ವಿಜಯಶ್ರೀ ತನ್ನ ಚೀಲ ಹಿಡಿದು ಒಳಗೆ ಹೋದಳು. ಅರ್ಧ ತಾಸು ಕೂತು ಕೈಕಾಲಿನ ವ್ಯಾಯಾಮ ಹೇಳಿಕೊಟ್ಟಳು, ಮಾತ್ರೆ ಕೊಟ್ಟಳು. ಮಾಳಪ್ಪ ಹೊರಗೆ ವ್ಯಾನಿಗೆ ಒರಗಿ ನಿಂತಿದ್ದ. ಗುರುವಾರ ಬೀರಸಿದ್ದಪ್ಪನಿಗೆ ಏನು ಹೇಳುವುದು ಎಂಬುದೊಂದೇ ಅವನ ತಲೆಯಲ್ಲಿ. ಸೋಮಶೇಖರ ಹೊರಗೆ ಬಂದು ಅವನ ಪಕ್ಕ ನಿಂತರು. ಬೂಟಿನ ಮೇಲಿನ ಕರಿಮಣ್ಣು ಒಣಗಿ ಬಿಳಿಚಿಕೊಂಡಿತ್ತು.

"ಎಂಟರಾಗ ತಪ್ಪಿದ್ದು ಎಷ್ಟು?"

"ಒಂದ್ರಿ."

"ಯಾವುದು?"

"ವಿಳಾಸ ಇದ್ದದ್ರಿ."

ಸೋಮಶೇಖರ ಬಗ್ಗಿ ಬೂಟಿನ ಮಣ್ಣು ಕೊಡವಿದರು. ಆಮೇಲೆ ವಿಜಯಶ್ರೀ ಬಂದಾಗ, "ಸಿಸ್ಟರ್, ಇಲ್ಲೊಂದು ಚುಕ್ಕಿ ಹಾಕಿಬಿಡ್ರಿ, ಬಾಗಲದಾಗ" ಎಂದರು.

"ಬಾಗಲದಾಗ ಬ್ಯಾಡ್ರಿ" ಎಂದ ಮಾಳಪ್ಪ. "ಇಲ್ಲಿ ಗಾಡಿ ತಿರಗೂದಿಲ್ಲ. ಗಿರಣಿ ಮುಂದ ಹಾಕೂಣು."

"ಹಾಕ್ರಿ. ಮಾಳಪ್ಪ ಎಲ್ಲಿ ಅಂತಾರ ಅಲ್ಲೇ ಹಾಕ್ರಿ."

ಆ ರಾತ್ರಿ ಬೆಳಗಾವಿಗೆ ಏನು ವರದಿ ಹೋಯಿತೋ ಗೊತ್ತಿಲ್ಲ. ತೋಟದ ಇಪ್ಪತ್ತಮೂರು ಹೆಸರೂ ಪಟ್ಟಿಯಲ್ಲಿ ಉಳಿದವು. ಎರಡು ವಾರದಲ್ಲಿ ಹೊಸ ಫಾರಂ ಬಂತು. ಹಳೆಯ ಐದು ಕಾಲಮ್ಮು ಹಾಗೇ ಇದ್ದವು. ಅವು ಎಲ್ಲಿಗೆ ಹೋಗುತ್ತವೆ, ಮೇಲೆ ಕೂತವರಿಗೆ ಕಾಲಮ್ಮು ಅಳಿಸಿದರೆ ಕೈ ಮುರಿದಂತಾಗುತ್ತದೆ. ಆದರೆ ಅವುಗಳ ಕೆಳಗೆ ಆರನೆಯದೊಂದು ಸೇರಿತ್ತು: 'ವಾಹನ ತಿರುಗಿಸುವ ಸ್ಥಳ'. ತೋಟದ ರೋಗಿಗಳಿಗೆ ಮೊದಲ ಐದರಲ್ಲೂ ವಿಜಯಶ್ರೀ ಸೊನ್ನೆ ಬರೆದಳು. ಕಂಪ್ಯೂಟರ್ ತಕರಾರಿಲ್ಲದೆ ಮುಂದಿನ ಪುಟಕ್ಕೆ ಹೋಯಿತು. ಇಷ್ಟು ದಿನ ಇಪ್ಪತ್ತಮೂರು ಜೀವ ತಡೆದು ನಿಲ್ಲಿಸಿದ ಬಾಗಿಲು ಐದು ಸೊನ್ನೆಗೆ ತೆರೆಯುವಂಥದ್ದಾಗಿತ್ತು.

ಆ ಫಾರಂ ತುಂಬಿದ ವಾರದ ಗುರುವಾರ ಬೀರಸಿದ್ದಪ್ಪನ ತೋಟದ ಬೇವಿನಮರದ ಕೆಳಗೆ ಮಾಳಪ್ಪ ಗಾಡಿ ತಿರುಗಿಸಿ ನಿಲ್ಲಿಸಿದ. ಲಕ್ಷ್ಮೀ ಬಿಸಿನೀರು ಇಟ್ಟಿದ್ದಳು. ಬೀರಸಿದ್ದಪ್ಪ ಎಂದಿನಂತೆ ಮಕಾಡೆ ಮಲಗಿ ದಿಂಬಿನೊಳಗಿಂದ ವಿಚಾರಣೆ ಸುರು ಮಾಡಿದ.

"ನನ್ನ ಮನಿ ನಂಬರ ಎಷ್ಟ ಬಂತು?"

"ಸೊನ್ನಿ" ಎಂದ ಮಾಳಪ್ಪ.

"ಅಡ್ಡರಸ್ತಿ?"

"ಅದೂ ಸೊನ್ನಿ."

"ಹುಣ್ಣು?"

ವಿಜಯಶ್ರೀ ಹಳೆಯ ಪಟ್ಟಿ ಬಿಚ್ಚಿ ಅಳತೆ ನೋಡುತ್ತಿದ್ದಳು. "ಮೂರ ಬಟ್ಟ ಅಗಲ ಇತ್ತಲ್ರಿ, ಎರಡಕ್ಕ ಇಳದೈತಿ."

"ಹಂಗಾರ ಅದನ್ನ ಬರಕೋರಿ" ಎಂದ ಬೀರಸಿದ್ದಪ್ಪ. ಆಮಿಯ ವಾಟಗಾದ ಕಥೆ ಅವನಿಗೆ ಆಗಲೇ ಮುಟ್ಟಿತ್ತು. "ಲಕ್ಷ್ಮೀ, ಚಾ ತಾರವಾ. ಮಾಳ್ಯಾಗ ಬ್ಯಾರೇ ವಾಟಗಾದಾಗ ಕೊಡ. ಡಬ್ಬ ಹಾಕಲಾರದ್ದು."